ಒಂದು ದೇಶಕ್ಕೆ ನಾಲ್ಕು ಪದ

ಯಾರು ಯಾವ ದೇಶದವರು ಎಂದು ಹೇಳುವ ಕೆಲಸ ಕನ್ನಡದಲ್ಲಿ ಎಷ್ಟು ಸಲೀಸು ನೋಡಿ. ಜಪಾನಿನವರು, ಚೀನಾದವರು, ಪೋಲೆಂಡಿನವರು. ಯಾವ ದೇಶದ ಹೆಸರು ಬಂದರೂ ಕೊನೆಗೆ ‘ನವರು’ ಅಥವಾ ‘ದವರು’ ಅಂಟಿಸಿದರೆ ಮುಗಿಯಿತು. ಇಂಗ್ಲಿಷಿನಲ್ಲಿ ಜಪಾನ್‌ಗೆ ಜಾಪನೀಸ್ ಇದೆ ಅಂತ ಪೋಲೆಂಡ್‌ಗೆ ಪೋಲೆಂಡೀಸ್ ಆಗುವುದಿಲ್ಲ, ಪೋಲಿಶ್ ಆಗುತ್ತದೆ. ಅಲ್ಲಿನ ಒಬ್ಬ ಮನುಷ್ಯ ಮಾತ್ರ ಪೋಲ್. ಹೀಗಿರುವಾಗ ಬರೀ ದೇಶಗಳ ಹೆಸರನ್ನು ಬಾಯಿಪಾಠ ಮಾಡಿಕೊಂಡರೆ ಮಾತಿಗೆ ಕೂತಾಗ ಅರ್ಧಕ್ಕೇ ನಿಲ್ಲಬೇಕಾಗುತ್ತದೆ.

ಹಾಳೆಯ ಮೇಲೆ ನಾಲ್ಕು ಕಾಲಂ ಎಳೆದುಕೊಳ್ಳಿ: ದೇಶ, ವಿಶೇಷಣ, ವ್ಯಕ್ತಿ, ಭಾಷೆ. ಒಂದು ಸಲಕ್ಕೆ ಎಂಟು ದೇಶ ಸಾಕು. ಮೊದಲ ಸಾಲು ಸ್ಪೇನ್, ಸ್ಪ್ಯಾನಿಶ್, ಸ್ಪ್ಯಾನಿಯರ್ಡ್, ಸ್ಪ್ಯಾನಿಶ್. ಎರಡನೆಯದು ಬ್ರೆಜಿಲ್, ಬ್ರೆಜಿಲಿಯನ್, ಬ್ರೆಜಿಲಿಯನ್, ಪೋರ್ಚುಗೀಸ್. ‘ಬ್ರೆಜಿಲಿಯನ್ ಭಾಷೆ’ ಎಂಬುದಿಲ್ಲ ಎಂದು ಗೊತ್ತಾಗುವುದೇ ಆ ನಾಲ್ಕನೇ ಕಾಲಂ ತುಂಬುವಾಗ. ಈಜಿಪ್ಟಿನ ಎದುರಿಗೆ ಅರೇಬಿಕ್ ಬರುತ್ತದೆ, ಮೆಕ್ಸಿಕೋ ಎದುರಿಗೆ ಸ್ಪ್ಯಾನಿಶ್. ಸ್ವಿಟ್ಜರ್ಲೆಂಡಿನ ಎದುರಿಗೆ ಜರ್ಮನ್, ಫ್ರೆಂಚ್, ಇಟ್ಯಾಲಿಯನ್, ರೊಮಾನ್ಶ್ ಎಂದು ನಾಲ್ಕನ್ನೂ ಬರೆಯಬೇಕು. ಸ್ವಿಸ್ ಎನ್ನುವುದು ಅಲ್ಲಿನ ಜನ, ಗಡಿಯಾರ, ಬ್ಯಾಂಕುಗಳಿಗೆ ಮಾತ್ರ.

ಬರೆದಾದ ಮೇಲೆ ಮೊದಲ ಕಾಲಂ ಬಿಟ್ಟು ಉಳಿದದ್ದನ್ನು ಕೈಯಲ್ಲಿ ಮುಚ್ಚಿ, ಬಿಡಿ ಪದ ಹೇಳದೆ ಪೂರ್ತಿ ವಾಕ್ಯ ಹೇಳಿ: ಶೀ ಈಸ್ ಫ್ರಮ್ ಸ್ವೀಡನ್, ಶೀ ಈಸ್ ಸ್ವೀಡಿಶ್, ಶೀ ಸ್ಪೀಕ್ಸ್ ಸ್ವೀಡಿಶ್. ಮರುದಿನ ಎರಡನೇ ಕಾಲಂ ನೋಡಿಕೊಂಡು ದೇಶ ಹೇಳಿ. ಡಚ್ ಎಂದರೆ ನೆದರ್‌ಲ್ಯಾಂಡ್ಸ್ ಎಂದು ಹೊಳೆಯುವುದು ಈ ಉಲ್ಟಾ ಅಭ್ಯಾಸದಿಂದಲೇ.

ಮೂರನೇ ಕಾಲಂ ಬಗ್ಗೆ ಒಂದು ಮಾತು: ಅದನ್ನು ಓದಿದಾಗ ಗುರುತು ಹಿಡಿಯಲು ಕಲಿಯಿರಿ, ಮಾತಿಗೆ ತರುವ ಅವಸರ ಬೇಡ. ಡೇನ್, ಸ್ವೀಡ್, ಫಿನ್, ಟರ್ಕ್, ಸ್ಕಾಟ್ ಇವೆಲ್ಲ ಸುದ್ದಿಯಲ್ಲಿ ಎದುರಾಗುತ್ತವೆ. ಮಾತಿನಲ್ಲಿ ‘ಹೀ ಈಸ್ ಡೇನಿಶ್’ ಎಂದರೆ ಎಲ್ಲ ಕಡೆಯೂ ನಡೆಯುತ್ತದೆ. ಎಡವಟ್ಟಾಗುವುದು ವಿಶೇಷಣದ ಹಿಂದೆ ‘ಎ’ ಸೇರಿಸಿದಾಗ. ‘ಇಶ್’ ಎಂದು ಮುಗಿಯುವ ಪದ ಒಬ್ಬ ವ್ಯಕ್ತಿಯನ್ನು ಹೇಳುವುದಿಲ್ಲ, ಹಾಗಾಗಿ ‘ಎ ಸ್ಪ್ಯಾನಿಶ್’, ‘ಎ ಪೋಲಿಶ್’ ಎರಡೂ ತಪ್ಪು. ‘ಎ ಚೈನೀಸ್’ ವ್ಯಾಕರಣಕ್ಕೆ ಒಪ್ಪಬಹುದು, ಆದರೆ ಇಂದಿನ ಕಿವಿಗೆ ಅದು ಒರಟು. ‘ಎ ಚೈನೀಸ್ ಪರ್ಸನ್’ ಅನ್ನಿ, ಇಲ್ಲವೇ ‘ಸಮ್‌ವನ್ ಫ್ರಮ್ ಚೈನಾ’. ‘ಈಸ್’ ಎಂದು ಮುಗಿಯುವ ಈ ಪದಗಳಿಗೆ ಬಹುವಚನದಲ್ಲಿ ‘ಎಸ್’ ಕೂಡ ಬೇಡ.

ಕೊನೆಯಲ್ಲಿ ‘ಇ’ ಸ್ವರ ಬರುವ ಗುಂಪು ನಮ್ಮ ನಾಲಿಗೆಗೆ ಮೊದಲೇ ಪರಿಚಿತ: ಇರಾಕಿ, ಕುವೈತಿ, ಒಮಾನಿ, ಪಾಕಿಸ್ತಾನಿ, ಬಾಂಗ್ಲಾದೇಶಿ. ಈ ಸಲಿಗೆಯೇ ದಾರಿ ತಪ್ಪಿಸುತ್ತದೆ. ಇರಾನಿನವರು ಇಂಗ್ಲಿಷಿನಲ್ಲಿ ಇರೇನಿಯನ್. ಅಫ್ಘಾನಿಸ್ತಾನದವರು ಅಫ್ಘಾನ್, ಅಫ್ಘಾನಿ ಎಂಬುದು ಅಲ್ಲಿನ ನಾಣ್ಯದ ಹೆಸರು. ಒಬ್ಬರನ್ನು ಪರಿಚಯಿಸುವಾಗ ಅಫ್ಘಾನಿ ಅಂದುಬಿಟ್ಟರೆ, ಅವರನ್ನು ದುಡ್ಡಿನ ಹೆಸರಲ್ಲಿ ಕರೆದ ಹಾಗಾಯಿತು.

ನೈಜೀರಿಯಾದವರು ನೈಜೀರಿಯನ್, ಪಕ್ಕದ ನೈಜರ್‌ನವರು ನೈಜೀರಿಯೆನ್. ಸ್ಪೆಲ್ಲಿಂಗ್‌ನಲ್ಲಿ ‘ಎ’ ಇದ್ದಲ್ಲಿ ‘ಇ’ ಬರುತ್ತದೆ, ದೇಶವೇ ಬದಲಾಗುತ್ತದೆ. ಮಡಗಾಸ್ಕರ್‌ನವರು ಮಲಗಾಸಿ. ಬೋಟ್ಸ್‌ವಾನದ ಒಬ್ಬರು ಮೋಟ್ಸ್‌ವಾನ, ಹಲವರು ಬಾಟ್ಸ್‌ವಾನ, ಭಾಷೆ ಸೆಟ್ಸ್‌ವಾನ: ಬಾಲ ಹಾಗೇ ಇದ್ದು ತಲೆ ಮಾತ್ರ ಬದಲಾಗುವ ಸೊಗಸು. ಇವು ಮೊದಲ ತಿಂಗಳಿಗೆ ಬೇಕಿಲ್ಲ, ನೆನಪಿನಲ್ಲಿ ಉಳಿದರೆ ಲಾಭ.

ಉಚ್ಚಾರಣೆಗೆ ಬರೋಣ. ಕನ್ನಡದಲ್ಲಿ ಪದದ ಯಾವ ಭಾಗವನ್ನು ಒತ್ತಿದರೂ ಅರ್ಥ ಕೆಡುವುದಿಲ್ಲ, ಹೀಗಾಗಿ ಆ ಕಡೆ ನಮ್ಮ ಗಮನವೇ ಹೋಗುವುದಿಲ್ಲ. ಇಂಗ್ಲಿಷಿನಲ್ಲಿ ಒತ್ತು ಜಾಗ ಬದಲಿಸುತ್ತದೆ, ಜೊತೆಗೆ ಸ್ವರವನ್ನೂ ಎಳೆದುಕೊಂಡು ಹೋಗುತ್ತದೆ. ‘ಕ್ಯಾನಡಾ’ದಲ್ಲಿ ಒತ್ತು ಮೊದಲಕ್ಕೆ; ‘ಕನೇಡಿಯನ್’ನಲ್ಲಿ ಅದು ‘ನೇ’ ಮೇಲೆ, ಮೊದಲಿನ ‘ಕ್ಯಾ’ ಕುಗ್ಗಿ ‘ಕ’ ಆಗಿಬಿಡುತ್ತದೆ. ಇಟಲಿ ‘ಇಟ್ಯಾಲಿಯನ್’ ಆಗುತ್ತದೆ, ಜೋರ್ಡನ್ ‘ಜೋರ್ಡೇನಿಯನ್’. ‘ಈಸ್’ ಗುಂಪಿನಲ್ಲಿ ಸಾಮಾನ್ಯವಾಗಿ ಒತ್ತು ಆ ಕೊನೆಯ ‘ಈಸ್’ ಮೇಲೇ. ಎರಡನೇ ಕಾಲಂನ ಪ್ರತಿ ಪದದಲ್ಲೂ ಒತ್ತು ಬೀಳುವ ಭಾಗದ ಕೆಳಗೆ ಗೆರೆ ಹಾಕಿ.

ಬರವಣಿಗೆಯಲ್ಲಿ ನಾಲ್ಕೂ ಕಾಲಂನ ಪದಗಳು ದೊಡ್ಡಕ್ಷರದಿಂದಲೇ ಶುರು. ದೇಶಕ್ಕೆ ಹಾಕಿ ಭಾಷೆಗೆ ಮರೆಯುವವರೇ ಹೆಚ್ಚು. ಹೆಚ್ಚಿನ ದೇಶಗಳ ಹಿಂದೆ ‘ದ’ ಬೇಡ. ಹೆಸರಿನಲ್ಲಿ ಯುನೈಟೆಡ್, ರಿಪಬ್ಲಿಕ್ ಥರದ ಮಾತಿದ್ದರೆ ಬೇಕು. ದ ನೆದರ್‌ಲ್ಯಾಂಡ್ಸ್, ದ ಫಿಲಿಪೀನ್ಸ್, ದ ಮಾಲ್ಡೀವ್ಸ್ ಎಂಬ ಬಹುವಚನ ರೂಪಕ್ಕೂ ಬೇಕು. ನೋಡಲು ಬಹುವಚನವಾದರೂ ಕ್ರಿಯಾಪದ ಏಕವಚನವೇ: ದ ನೆದರ್‌ಲ್ಯಾಂಡ್ಸ್ ಈಸ್.

‘ಈಗ ಎಲ್ಲಿಂದ ಬಂದ್ರಿ?’ ಮತ್ತು ‘ಯಾವ ಊರಿನವರು?’ ಕನ್ನಡದಲ್ಲಿ ಬೇರೆಬೇರೆ ಪ್ರಶ್ನೆಗಳು, ಯಾರೂ ಕಲೆಸುವುದಿಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಕಮ್’ ಮತ್ತು ‘ಫ್ರಮ್’ ಬರುವುದರಿಂದ ಗೊಂದಲ. ‘ವೇರ್ ಡೂ ಯೂ ಕಮ್ ಫ್ರಮ್?’ ಎಂದರೆ ಯಾವ ಊರಿನವರು. ‘ವೇರ್ ಆರ್ ಯೂ ಕಮಿಂಗ್ ಫ್ರಮ್?’ ಎಂದರೆ ಈಗ ಎಲ್ಲಿಂದ ಬರ್ತಾ ಇದ್ದೀರಿ. ಮೊದಲನೆಯದಕ್ಕೆ ‘ಐ ಆಮ್ ಕಮಿಂಗ್ ಫ್ರಮ್ ಇಂಡಿಯಾ’ ಎಂದರೆ ಕೇಳಿದವರಿಗೆ ನೀವಿನ್ನೂ ದಾರಿಯಲ್ಲೇ ಇದ್ದೀರಿ. ‘ಐ ಆಮ್ ಫ್ರಮ್ ಇಂಡಿಯಾ’ ಸರಿ, ‘ಐ ಆಮ್ ಇಂಡಿಯನ್’ ಕೂಡ ಸರಿ. ಎರಡನ್ನೂ ಬೆರೆಸಿ ‘ಐ ಆಮ್ ಫ್ರಮ್ ಇಂಡಿಯನ್’ ಎನ್ನುವವರಿದ್ದಾರೆ. ‘ಫ್ರಮ್’ ಆದಮೇಲೆ ಒಂದನೇ ಕಾಲಂ, ಬರೀ ‘ಆಮ್’ ಆದಮೇಲೆ ಎರಡನೇ ಕಾಲಂ ಎಂದು ಹಾಳೆಯ ತಲೆಯ ಮೇಲೇ ಬರೆದಿಟ್ಟುಕೊಳ್ಳಿ.

‘ನೇಟಿವ್ ಪ್ಲೇಸ್’ ಭಾರತದೊಳಗೆ ಸಾಗುತ್ತದೆ, ಹೊರಗೆ ‘ಹೋಮ್‌ಟೌನ್’ ಅನ್ನಿ. ‘ಹುಟ್ಟಿದೆ’ ಎನ್ನಲು ನಮಗೆ ಒಂದೇ ಕ್ರಿಯಾಪದ ಸಾಕಾಗುವುದರಿಂದ ‘ಐ ಬಾರ್ನ್ ಇನ್’ ಎಂದು ಬಾಯಿಗೆ ಬಂದುಬಿಡುತ್ತದೆ; ಅಲ್ಲಿ ‘ವಾಸ್’ ಬಿಡುವಂತಿಲ್ಲ, ಐ ವಾಸ್ ಬಾರ್ನ್ ಇನ್. ಬೆಳೆದದ್ದಕ್ಕೆ ‘ಗ್ರೂ ಅಪ್ ಇನ್’. ‘ಒರಿಜಿನಲಿ ಫ್ರಮ್’ ನಮ್ಮ ‘ಮೂಲತಃ’ ಇದ್ದ ಹಾಗೆ: ಈಗ ಬೇರೆಡೆ ಇದ್ದೀರಿ ಎಂಬುದು ಅದರಲ್ಲೇ ಅಡಗಿದೆ, ಹುಟ್ಟಿದ ಊರಲ್ಲೇ ಇರುವವರು ಅದನ್ನು ಬಳಸುವುದಿಲ್ಲ.

‘ಇಂಡಿಯನ್ ಬಾರ್ನ್’ ಮತ್ತು ‘ಆಫ್ ಇಂಡಿಯನ್ ಆರಿಜಿನ್’ ಒಂದೇ ಅಲ್ಲ. ಮೈಕ್ರೋಸಾಫ್ಟ್‌ನ ಸತ್ಯ ನಾದೆಲ್ಲ 1967ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದವರು, ಅವರಿಗೆ ಮೊದಲನೆಯದು ಒಪ್ಪುತ್ತದೆ. ಬ್ರಿಟನ್ನಿನ ಮಾಜಿ ಪ್ರಧಾನಿ ರಿಷಿ ಸುನಾಕ್ 1980ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಹುಟ್ಟಿದ ಬ್ರಿಟಿಶ್. ಅವರಿಗೆ ಒಪ್ಪುವುದು ಎರಡನೆಯದು ಮಾತ್ರ. ಇಂಥವರು ಒಮ್ಮೆ ‘ಇಂಗ್ಲೆಂಡ್’ ಎಂದು ಉತ್ತರ ಕೊಟ್ಟಮೇಲೆ ‘ಬಟ್ ವೇರ್ ಆರ್ ಯೂ ರಿಯಲಿ ಫ್ರಮ್?’ ಎಂದು ಕೆದಕುವುದು ಕುತೂಹಲ ಅನ್ನಿಸದು, ನೀನು ಇಲ್ಲಿಯವನಲ್ಲ ಎಂದ ಹಾಗೆ ಕೇಳಿಸುತ್ತದೆ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ.

ಅರ್ಜಿ ತುಂಬುವಾಗಲೂ ಅದೇ ಕಾಲಂ ಲೆಕ್ಕ. ‘ನ್ಯಾಶನಾಲಿಟಿ’ ಎಂದಿದ್ದರೆ ಇಂಡಿಯನ್, ‘ಕಂಟ್ರಿ ಆಫ್ ಬರ್ತ್’ ಎಂದಿದ್ದರೆ ಇಂಡಿಯಾ. ಅನುಮಾನ ಬಂದರೆ ಪಾಸ್‌ಪೋರ್ಟಿನಲ್ಲಿ ಆ ಜಾಗದಲ್ಲಿ ಏನು ಅಚ್ಚಾಗಿದೆಯೋ ಅದನ್ನೇ ಬರೆಯಿರಿ. ಹಳೆಯ ಪಟ್ಟಿಗಳನ್ನು ನಂಬುವ ಮುಂಚೆ ಒಮ್ಮೆ ನೋಡಿಕೊಳ್ಳಿ: ಸ್ವಾಜಿಲ್ಯಾಂಡ್ 2018ರಿಂದ ಎಸ್ವಾಟಿನಿ. ಟರ್ಕಿ 2022ರಿಂದ ವಿಶ್ವಸಂಸ್ಥೆಯಲ್ಲಿ ತುರ್ಕಿಯೆ, ಆದರೆ ಎರಡನೇ ಕಾಲಂನಲ್ಲಿ ಟರ್ಕಿಶ್ ಹಾಗೇ ಇದೆ.