ಸ್ಕೋಪ್ ಉಂಟಾ ಅಂತ ಕೇಳುವವರಿಗೆ

ಇಲ್ಲ, ನಾನು ಪ್ರಿನ್ಸಿಪಾಲ್ ಅಲ್ಲ. ಪಾಠ ಮಾಡುವುದಿಲ್ಲ. ಬಿ.ಎಡ್. ಕೂಡ ಮಾಡಿಲ್ಲ. ನಾನು ಓದಿದ್ದು ಹೈಯರ್ ಎಜುಕೇಶನ್ ಅಡ್ಮಿನಿಸ್ಟ್ರೇಶನ್, ಅಂದರೆ ಕಾಲೇಜು, ಯೂನಿವರ್ಸಿಟಿ ನಡೆಸುವ ಕೆಲಸದ ಓದು. ಅಮೆರಿಕದಲ್ಲಿ ಎರಡು ವರ್ಷ ಓದಿದೆ, ಒಂದು ವರ್ಷ ಅಲ್ಲೇ ಕೆಲಸ ಮಾಡಿದೆ. ಈಗ ಮುಂಬೈಯ ಒಂದು ಖಾಸಗಿ ಯೂನಿವರ್ಸಿಟಿ ಆಫೀಸಿನಲ್ಲಿದ್ದೇನೆ. ಡೊಂಬಿವಲಿಯಿಂದ ದಿನಾ ಲೋಕಲ್ ಹಿಡಿಯುತ್ತೇನೆ. ಇಷ್ಟು ಗೊತ್ತಾದ ಕೂಡಲೇ ನಮ್ಮವರು ಕೇಳುವುದು ಒಂದೇ: "ಅದ್ರಲ್ಲಿ ಸ್ಕೋಪ್ ಉಂಟಾ?"

ಸ್ಕೋಪ್ ಏನು ಬಾವಿ ನೀರಾ, ಇಷ್ಟು ಅಡಿಗೆ ಉಂಟು ಅಂತ ಹೇಳಲಿಕ್ಕೆ?

ಕಳೆದ ವರ್ಷ ಥಾಣೆಯ ಘೋಡ್‌ಬಂದರ್ ರೋಡಿನಲ್ಲಿ ಒಂದು ಗೃಹಪ್ರವೇಶ. ಹದಿನೇಳನೇ ಮಹಡಿ. ಊಟಕ್ಕೆ ಕೂತಿದ್ದೆ. ಎಲೆಗೆ ಆಗಷ್ಟೇ ಸಾರು ಬಿದ್ದಿತ್ತು. ಅದು ಅಂಚಿಗೆ ಹರಿಯುವ ಮೊದಲು ಅನ್ನದ ಕಟ್ಟೆ ಕಟ್ಟಬೇಕು, ಗೊತ್ತಲ್ಲ. ಅಷ್ಟರಲ್ಲಿ ಪಕ್ಕದಲ್ಲಿದ್ದ ಮಾವ ಎಡಗೈಯಲ್ಲಿ ಮೊಬೈಲ್ ತಂದು ನನ್ನ ಮೂಗಿಗೆ ಹಿಡಿದರು. ಅಮ್ಮನ ಕಡೆಯ ದೂರದ ಸಂಬಂಧ, ಮುಲುಂಡಿನಲ್ಲಿ ಹೋಟೆಲ್. ಅವರ ಮಗಳಿಗೆ ಅಮೆರಿಕದಿಂದ ಇದೇ ಕೋರ್ಸಿಗೆ ಆಫರ್ ಲೆಟರ್ ಬಂದಿತ್ತು.

"ಇದ್ರಲ್ಲಿ ಸ್ಕೋಪ್ ಉಂಟಾ ಮಾರಾಯ್ತಿ?"

"ಅಸಿಸ್ಟೆಂಟ್‌ಶಿಪ್ ಕೊಟ್ಟಿದ್ದಾರಾ ಮಾವ?"

"ಅದೆಲ್ಲ ಲೋನ್ ಮಾಡುವ. ಕಡೆಗೆ ಎಂತ ಆಗ್ತದೆ ಹೇಳು. ಪ್ರೊಫೆಸರಾ?"

"ಅಲ್ಲ."

"ಪ್ರಿನ್ಸಿಪಾಲಾ?"

"ಅದೂ ಅಲ್ಲ."

"ಹಾಗಾದ್ರೆ ಕ್ಲಾರ್ಕಾ?"

ಇಡೀ ಪಂಕ್ತಿ ನಕ್ಕಿತು. ನಾನೂ ನಕ್ಕೆ. ಸಾರು ಎಲೆ ದಾಟಿ ಟೇಬಲಿನ ಪೇಪರಿಗೆ ಹೋಗಿತ್ತು. ಮಗಳು ಎದುರು ಸಾಲಿನಲ್ಲಿ ಹಪ್ಪಳ ಮುರಿಯುತ್ತಾ ಕೂತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಅವತ್ತು ನುಂಗಿಕೊಂಡದ್ದನ್ನು ಇಲ್ಲಿ ಬರೆದುಬಿಡುತ್ತೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುವುದು.

ಅಮೆರಿಕಕ್ಕೆ ಹೋಗುವುದಾದರೆ ಯೂನಿವರ್ಸಿಟಿಯ ಹೆಸರು ಆಮೇಲೆ ನೋಡಿ. ಮೊದಲು ಅಸಿಸ್ಟೆಂಟ್‌ಶಿಪ್ ಕೇಳಿ. ಅಲ್ಲಿ ಈ ಕೋರ್ಸಿನವರು ತಾವು ಓದುವ ಯೂನಿವರ್ಸಿಟಿಯಲ್ಲೇ ಹಾಸ್ಟೆಲ್, ಅಡ್ಮಿಷನ್, ಫೀಸು ಸಹಾಯ, ಹೀಗೆ ಯಾವುದಾದರೂ ಆಫೀಸಿನಲ್ಲಿ ಕೆಲಸ ಮಾಡುತ್ತಾರೆ. ನಮ್ಮ ಸ್ಟೂಡೆಂಟ್ ವೀಸಾದಲ್ಲಿ ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಮಾಡುವಂತಿಲ್ಲ. ಆ ಕೆಲಸಕ್ಕೆ ಬದಲಾಗಿ ಫೀಸು ಪೂರ್ತಿಯೋ ಅರ್ಧವೋ ಮಾಫಿ, ಜೊತೆಗೆ ಸ್ಟೈಪೆಂಡ್. ದುಡ್ಡು ಉಳಿಯುವುದು ಒಂದು ಕಡೆ ಇರಲಿ. ನಿಜವಾದ ಕಲಿಕೆ ನಡೆಯುವುದೇ ಆ ಆಫೀಸಿನಲ್ಲಿ. ನನಗೆ ಮೊದಲ ವರ್ಷ ಅದು ಸಿಗಲಿಲ್ಲ. ಆ ವರ್ಷ ಏನು ಓದಿದೆ ಅಂತ ಕೇಳಿದರೆ ನೆನಪಿಲ್ಲ. ಅದರ ಸಾಲ ಮಾತ್ರ ಪ್ರತಿ ತಿಂಗಳು 5ನೇ ತಾರೀಕು ನೆನಪಾಗುತ್ತದೆ.

ವೀಸಾದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಓದು ಮುಗಿದ ಮೇಲೆ ಅಲ್ಲಿ ಕೆಲಸ ಮಾಡಲು 12 ತಿಂಗಳು ಸಿಗುತ್ತದೆ. ಕಂಪ್ಯೂಟರ್ ಓದಿದವರಿಗೆ ಇನ್ನೂ 24 ತಿಂಗಳು ಜಾಸ್ತಿ ಸಿಗುತ್ತದಲ್ಲ, ಅದು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯ ಕೋರ್ಸುಗಳಿಗೆ. ನಮ್ಮದು ಸಾಮಾನ್ಯವಾಗಿ ಆ ಪಟ್ಟಿಯಲ್ಲಿಲ್ಲ. ಒಂದು ಅನುಕೂಲ ಇದೆ: ಯೂನಿವರ್ಸಿಟಿಗಳಿಗೆ ಎಚ್-1ಬಿ ಅನ್ನುವ ಕೆಲಸದ ವೀಸಾದ ವರ್ಷಕ್ಕೆ 85,000ದ ಮಿತಿ ಇಲ್ಲ, ಲಾಟರಿಯೂ ಇಲ್ಲ. ಆದರೆ 2025ರ ಸೆಪ್ಟೆಂಬರ್‌ನಲ್ಲಿ, ಹೊರಗಿನಿಂದ ಕರೆಸಿಕೊಳ್ಳುವವರ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಕಟ್ಟಬೇಕು ಅಂತ ಆದೇಶ ಬಂತು. ನಾನೀಗ ವಾಪಸ್ ಹೋಗಬೇಕೆಂದರೆ ಯಾವ ಕಾಲೇಜು ನನ್ನ ಮೇಲೆ ಅಷ್ಟು ಸುರಿಯುತ್ತದೆ? ಹಾಸ್ಟೆಲ್ ರೂಮು ಹಂಚುವವಳು ನಾನು.

ಇಲ್ಲೇ ಇರುವುದಾದರೆ ಕಥೆ ಬೇರೆ. ಯುಜಿಸಿ (ಯೂನಿವರ್ಸಿಟಿ ಗ್ರಾಂಟ್ಸ್ ಕಮಿಷನ್) ನಿಯಮದಲ್ಲಿ ಅಸಿಸ್ಟೆಂಟ್ ರಿಜಿಸ್ಟ್ರಾರ್ ಅನ್ನುವ ಆಡಳಿತದ ಹುದ್ದೆಗೆ ಬೇಕಾದ್ದು 55 ಪರ್ಸೆಂಟ್ ಇರುವ ಮಾಸ್ಟರ್ಸ್ ಡಿಗ್ರಿ. ಯಾವ ವಿಷಯದಲ್ಲಿ? ಯಾವುದಾದರೂ ಸರಿ. ಮುಂಬೈ ಯೂನಿವರ್ಸಿಟಿಯ ಕಲೀನಾ ಕ್ಯಾಂಪಸ್ಸಿನಲ್ಲಿ ಕನ್ನಡ ಎಂ.ಎ. ಮಾಡಿದವರೂ ಅರ್ಜಿ ಹಾಕಬಹುದು. ನನ್ನ ಅಮೆರಿಕದ ಡಿಗ್ರಿಗೂ ಅದಕ್ಕೂ ಅಲ್ಲಿ ಒಂದೇ ತೂಕ. ನಗಬೇಡಿ, ಇದು ನನಗೆ ಗೊತ್ತಾದದ್ದು ವಾಪಸ್ ಬಂದ ಮೇಲೆ. ಹಾಗಾಗಿ ಇಲ್ಲಿನ ಕೆಲಸವೇ ಗುರಿಯಾದರೆ, ಕೈಯಲ್ಲಿರುವ ಎಂ.ಎ., ಎಂ.ಕಾಂ. ಜೊತೆಗೆ ದೂರಶಿಕ್ಷಣದ ಇಗ್ನೋದವರ ಎಜುಕೇಶನಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾವನ್ನು ಮನೆಯಲ್ಲೇ ಕೂತು ಮಾಡಿ. ಇದನ್ನೇ ಆಳವಾಗಿ ಓದುವ ಆಸೆ ಇದ್ದರೆ ದೆಹಲಿಯ ನೀಪಾ ಇದೆ. ಅದು ಇರುವುದೇ ಶಿಕ್ಷಣದ ಯೋಜನೆ, ಆಡಳಿತಕ್ಕಾಗಿ.

ಖಾಸಗಿಯವರಲ್ಲಿ ಕೆಲಸ ಇದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಬಂದದ್ದು 1994ರಲ್ಲಿ, ಸರ್ಕಾರದ ರ‍್ಯಾಂಕಿಂಗ್ ವ್ಯವಸ್ಥೆ ಎನ್‌ಐಆರ್‌ಎಫ್‌ನ ಮೊದಲ ರ‍್ಯಾಂಕ್ ಪಟ್ಟಿ 2016ರಲ್ಲಿ. ಇವೆರಡು ಸಾಲದು ಅಂತ ಸರ್ಕಾರದ ಸರ್ವೆ ಬೇರೆ. ಎಷ್ಟು ಮಕ್ಕಳು, ಎಷ್ಟು ಮೇಷ್ಟ್ರು, ಎಷ್ಟು ಪುಸ್ತಕ, ಎಲ್ಲ ತುಂಬಿ ಕಳಿಸಬೇಕು. ಅಂಕಿಗಳನ್ನು ಸರಿಯಾಗಿ ಜೋಡಿಸಿಡುವವರನ್ನು ಯಾವ ಕಾಲೇಜೂ ಸುಲಭಕ್ಕೆ ಬಿಡುವುದಿಲ್ಲ. ಅದಕ್ಕೇ ವಾಪಸ್ ಬರುವ ಯೋಚನೆ ಇದ್ದವರು ಡೇಟಾ, ಬಜೆಟ್, ನಿಯಮ ಕಲಿಸುವ ಕೋರ್ಸ್ ಹುಡುಕಲಿ. ಅಮೆರಿಕದ ಎಷ್ಟೋ ಕೋರ್ಸುಗಳು ಹಾಸ್ಟೆಲ್ ಜೀವನ, ವಿದ್ಯಾರ್ಥಿ ಸಂಘ ಇವುಗಳ ಸುತ್ತ ಇರುತ್ತವೆ. ಅಲ್ಲಿ ಅದೊಂದು ದೊಡ್ಡ ಕಸುಬು. ಇಲ್ಲಿ ಹಾಸ್ಟೆಲ್ ಅಂದರೆ ವಾರ್ಡನ್, ವಾರ್ಡನ್ ಅಂದರೆ ಗೇಟಿನ ಬೀಗ. ಮತ್ತೊಂದು ಮಾತು: 'ಅಡ್ಮಿಷನ್ ಕೌನ್ಸೆಲರ್' ಅಂತ ಜಾಹೀರಾತು ಕಂಡರೆ ತಿಂಗಳ ಟಾರ್ಗೆಟ್ ಎಷ್ಟು ಅಂತ ಮೊದಲೇ ಕೇಳಿ. ಎಷ್ಟೋ ಕಡೆ ಅದು ಸೇಲ್ಸ್ ಕೆಲಸ.

ಸಂಬಳ ಕೇಳುತ್ತಾರೆ, ಪೋಸ್ಟ್ ಕೇಳುತ್ತಾರೆ. ಬೆಳಗ್ಗೆಯಿಂದ ಸಂಜೆವರೆಗೆ ನೀನು ಮಾಡುವುದೇನು ಅಂತ ಮಾತ್ರ ಒಬ್ಬರೂ ಕೇಳಿಲ್ಲ.

ಜುಲೈಯಲ್ಲಿ ಕೌಂಟರಿನಿಂದ ಒಬ್ಬ ಹುಡುಗನನ್ನು "ಕನ್ನಡ ಮ್ಯಾಡಂ ಹತ್ರ ಹೋಗು" ಅಂತ ನನ್ನ ಕಡೆ ಕಳಿಸಿದರು. ತುಮಕೂರು ಕಡೆಯವನು, ಅಪ್ಪ ಕಳಂಬೋಲಿಯಲ್ಲಿ ಲಾರಿ ಡ್ರೈವರ್. ಪಿಯುಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು 'ಮಂಜುನಾಥ ಎಚ್ ಕೆ'. ಇಲ್ಲಿನ ಫಾರ್ಮಿನಲ್ಲಿ ಮೊದಲು ಅಡ್ಡಹೆಸರು (ಸರ್‌ನೇಮ್), ಆಮೇಲೆ ಸ್ವಂತ ಹೆಸರು, ಆಮೇಲೆ ಅಪ್ಪನ ಹೆಸರು. ಯಾರೋ ಅಡ್ಡಹೆಸರಿನ ಜಾಗದಲ್ಲಿ 'ಎಚ್ ಕೆ' ಒತ್ತಿದ್ದರು. ಕಂಪ್ಯೂಟರ್ ಅವನಿಗೆ 'ಡಿಯರ್ ಮಿಸ್ಟರ್ ಎಚ್ ಕೆ' ಅಂತ ಮೆಸೇಜು ಕಳಿಸುತ್ತಿತ್ತು. ಆಧಾರಿನಲ್ಲಿ 'ಮಂಜುನಾಥ ಕೆಂಪಣ್ಣ'. ಮೂರು ಕಡೆ ಮೂವರು. ಆಧಾರಿನ ಹೆಸರಿಗೆ ಹೊಂದದೆ, ಓದಿನ ಕ್ರೆಡಿಟ್ ಜಮಾ ಆಗುವ ಖಾತೆ ತೆರೆಯುತ್ತಿಲ್ಲ. ಮೂರು ಸಲ ಬಂದು ವಾಪಸ್ ಹೋಗಿದ್ದ.

"ಎಚ್ ಅಂದ್ರೆ ಹುಳಿಯಾರು ಮೇಡಂ, ನಮ್ಮೂರು. ಕೆ ಅಂದ್ರೆ ನಮ್ಮಪ್ಪ," ಅಂದ.

ಇದು ಕೌಂಟರಿನ ಮರಾಠಿ ಹುಡುಗಿಗೆ ಹೇಗೆ ಗೊತ್ತಾಗಬೇಕು? ತಪ್ಪು ಅವಳದಲ್ಲ, ಊರಿಗೆ ಜಾಗವೇ ಇಡದ ಫಾರ್ಮಿನದು. ಅಫಿಡವಿಟ್ ಮಾಡಿಸಿದೆ. ಪರೀಕ್ಷಾ ವಿಭಾಗದಲ್ಲಿ ಕೂತು, ಎನ್‌ರೋಲ್‌ಮೆಂಟ್ ನಂಬರ್ ಬೀಳುವ ಮೊದಲೇ ಹೆಸರು ತಿದ್ದಿಸಿದೆ. ಡಿಗ್ರಿ ಪ್ರಿಂಟ್ ಆದ ಮೇಲೆ ತಿದ್ದಿಸುವುದು ಯಾರಿಗೂ ಬೇಡ. ಆಮೇಲೆ ಫಾರ್ಮನ್ನೇ ಬದಲಾಯಿಸಲು ಮೂರು ಮೀಟಿಂಗ್ ಮಾಡಿದೆ. ಅಡ್ಡಹೆಸರು ಇಲ್ಲದವರಿಗೆ ಒಂದು ಟಿಕ್ ಬಾಕ್ಸ್ ಬಂತು. ಅಮೆರಿಕದಲ್ಲಿ ಓದಿದ್ದು ಉಪಯೋಗಕ್ಕೆ ಬಂದದ್ದು ಆ ಮೂರು ಮೀಟಿಂಗುಗಳಲ್ಲಿ.

ಕ್ಲಾರ್ಕಾ ಅಂದರೆ, ಹೌದು ಮಾವ, ಕ್ಲಾರ್ಕೇ.

ಗೃಹಪ್ರವೇಶ ಆಗಿ ಹತ್ತು ದಿನಕ್ಕೆ ಅವರ ಮಗಳ ಮೆಸೇಜು ಬಂತು. "ಅಕ್ಕ, ಅಲ್ಲಿ ಹಾಸ್ಟೆಲ್ ಆಫೀಸಿನ ಕೆಲಸಕ್ಕೆ ಈಗಲೇ ಮೇಲ್ ಹಾಕ್ಬಹುದಾ? ಯಾರಿಗೆ ಹಾಕೋದು?" ರೈಲಿನಲ್ಲಿದ್ದೆ, ಕುರ್ಲಾದಲ್ಲಿ. ಒಂದು ಕೈಯಲ್ಲಿ ಹಿಡಿಕೆ ಹಿಡಿದು, ಇನ್ನೊಂದು ಕೈಯಲ್ಲಿ ಉತ್ತರ ಟೈಪ್ ಮಾಡಿದೆ. ಮುಗಿಯುವಾಗ ಮುಲುಂಡ್ ದಾಟಿತ್ತು.