ಜೇನು ಬಾರದ ಹೊತ್ತನ್ನೂ ಬರೆಯಿರಿ

ಕೊಡಗಿನ ಕಾಲೇಜೊಂದರಲ್ಲಿ ಎಂಎಸ್ಸಿ ಸಸ್ಯಶಾಸ್ತ್ರದ ಮಕ್ಕಳಿಗೆ ಪಾಠ ಮಾಡುತ್ತೇನೆ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್‌ಗಳಿಗೆ ಗೈಡ್ ಕೂಡ ಹೌದು. ವೈವಾ ಮುಗಿದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಒಂದು ಮಾತು ಕೇಳುತ್ತೇನೆ: ರಿಪೋರ್ಟಿನಲ್ಲಿ ಬರೆಯದೆ ಬಿಟ್ಟದ್ದು ಏನು? ಅಂಕಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಅವರ ಬಾಯಿಂದ ಬರುವ ಮಾತುಗಳು ನನ್ನ ಕೆಲಸದ ರೀತಿಯನ್ನೇ ಬದಲಾಯಿಸಿವೆ. ಪ್ರಾಜೆಕ್ಟ್ ಮಾಡುವವರಿಗೂ ಮಾಡಿಸುವವರಿಗೂ ಉಪಯೋಗ ಆಗಬಹುದು ಅಂತ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮಕ್ಕಳು ಜಾಸ್ತಿ ಆರಿಸಿಕೊಳ್ಳುವುದು ಕಾಫಿ ಹೂವಿನ ಪರಾಗಸ್ಪರ್ಶವನ್ನು. ಎಷ್ಟೋ ಜನರ ಮನೆಯ ಹಿಂದೆಯೇ ತೋಟ ಇರುತ್ತದೆ, ಹಾಗಾಗಿ ಇದು ಸಹಜವೇ. ವಿಷಯವೂ ಒಳ್ಳೆಯದು. ಅರೇಬಿಕಾ ಬಗೆಯ ಕಾಫಿ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ರೋಬಸ್ಟಾ ಬಗೆಗೆ ಅದು ಆಗುವುದಿಲ್ಲ, ಬೇರೆ ಗಿಡದ ಪರಾಗವೇ ಬೇಕು. ಅದನ್ನು ಗಾಳಿ ತರಬೇಕು, ಇಲ್ಲವೇ ಹೆಜ್ಜೇನು, ತುಡುವೆಯಂಥವು ತರಬೇಕು. ಗಾಳಿಯ ಪಾಲೆಷ್ಟು, ಜೇನಿನ ಪಾಲೆಷ್ಟು ಎಂದು ನೋಡಲು ದುಬಾರಿ ಉಪಕರಣ ಏನೂ ಬೇಡ. ಮೊಗ್ಗು ಅರಳುವ ಮೊದಲೇ ಕೆಲವು ರೆಂಬೆಗಳಿಗೆ ಬಲೆಯ ಚೀಲ ಕಟ್ಟುತ್ತೇವೆ. ಗಾಳಿ ಒಳಗೆ ಹೋಗುತ್ತದೆ, ಜೇನು ಹೋಗುವುದಿಲ್ಲ. ಕೆಲವಕ್ಕೆ ಬಟರ್ ಪೇಪರ್ ಚೀಲ ಕಟ್ಟುತ್ತೇವೆ, ಅದರೊಳಗೆ ಯಾವುದೂ ಹೋಗುವಂತಿಲ್ಲ. ಇನ್ನು ಕೆಲವನ್ನು ಹಾಗೇ ಬಿಡುತ್ತೇವೆ. ಹೂ ಎಣಿಸುವುದು, ಆಮೇಲೆ ಕಾಯಿ ಎಣಿಸುವುದು, ಅಷ್ಟೇ.

ಕೇಳಲು ಇಷ್ಟೇ. ಮಾಡುವಾಗ ಗೊತ್ತಾಗುತ್ತದೆ. ಕಾಫಿ ಹೂವಿಗೆ ಕಾಲೇಜಿನ ಟೈಮ್‌ಟೇಬಲ್ ಗೊತ್ತಿಲ್ಲ. ಹೂ ಮಳೆ, ಅಂದರೆ ಮೊಗ್ಗು ಅರಳಿಸುವ ಬೇಸಿಗೆಯ ಮಳೆ, ಬೀಳಬೇಕು. ಒಂದು ಇಂಚಿನಷ್ಟಾದರೂ ಬಿದ್ದರೆ ಒಂದು ವಾರ, ಹತ್ತು ದಿನದಲ್ಲಿ ಇಡೀ ತೋಟ ಒಟ್ಟಿಗೇ ಬೆಳ್ಳಗಾಗುತ್ತದೆ. ಎರಡು ಮೂರು ದಿನದಲ್ಲಿ ಹೂ ಬಾಡುತ್ತದೆ. ಆ ಎರಡು ಮೂರು ದಿನವೇ ಇಂಟರ್ನಲ್ ಪರೀಕ್ಷೆ ಬಂದರೆ ವಿದ್ಯಾರ್ಥಿಯ ವರ್ಷವೇ ಹೋದ ಹಾಗೆ. ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸುವ ತೋಟದವರನ್ನು ಮೊದಲೇ ಮಾತಾಡಿಸಿ ದಿನ ಗೊತ್ತು ಮಾಡಿಕೊಂಡವರು ಮಾತ್ರ ಬಚಾವು. ಜೊತೆಗೆ ಆನೆ. ಬೆಳಿಗ್ಗೆ ಬೇಗ ಹೋದಷ್ಟೂ ಹೂ ತಾಜಾ, ಆದರೆ ಮಬ್ಬು ಬೆಳಕಲ್ಲಿ ತೋಟದೊಳಗೆ ಯಾರನ್ನೂ ಕಳಿಸುವಂತಿಲ್ಲ. ಪಕ್ಕದ ತೋಟದಲ್ಲಿ ಆನೆ ಇದೆ ಎಂದು ಮೇಸ್ತ್ರಿ ಫೋನ್ ಮಾಡಿದರೆ ಆ ದಿನದ ಕೆಲಸ ನಿಂತಿತು. ಇದರಲ್ಲಿ ಚರ್ಚೆ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಒಂದು ರೆಂಬೆಯ ಮುಂದೆ ಹತ್ತು ನಿಮಿಷ ನಿಂತು, ಎಷ್ಟು ಸಲ ಜೇನು ಬಂತು ಎಂದು ಬರೆಯುವುದು ನಮ್ಮ ಕ್ರಮ. ಒಬ್ಬ ಹುಡುಗಿಯ ಹಾಳೆ ನೋಡುತ್ತಿದ್ದೆ. ಬೆಳಗಿನ ಸಾಲುಗಳೆಲ್ಲ ತುಂಬಿದ್ದವು. ಮಧ್ಯಾಹ್ನದವು ಖಾಲಿ. ಯಾಕಮ್ಮಾ ಎಂದು ಕೇಳಿದೆ. "ಏನೂ ಬರಲಿಲ್ಲ ಮೇಡಂ, ಅದಕ್ಕೇ ಬರೆಯಲಿಲ್ಲ" ಎಂದಳು. ಅವಳು ಸೋಮಾರಿ ಅಲ್ಲ. ಬಿಸಿಲಲ್ಲಿ ನಿಂತಿದ್ದಾಳೆ, ಕಣ್ಣು ಮಿಟುಕಿಸದೆ ನೋಡಿದ್ದಾಳೆ. ಆದರೂ ಆ ಹೊತ್ತು ಹಾಳೆಯ ಮೇಲೆ ಇಲ್ಲವೇ ಇಲ್ಲ.

ಖಾಲಿ ಜಾಗವನ್ನು ಓದುವವರು ಏನೆಂದು ತಿಳಿಯಬೇಕು? ನೋಡಿದಳು, ಜೇನು ಬರಲಿಲ್ಲ ಎಂದೇ? ಊಟಕ್ಕೆ ಹೋಗಿದ್ದಳು ಎಂದೇ? ಮಳೆ ಬಂತು ಎಂದೇ? ಸೊನ್ನೆ ಬರೆದರೆ ಅದು ಒಂದು ಮಾಹಿತಿ. ಬರೆಯದಿದ್ದರೆ ಅದು ಬರೀ ಕಾಗದ. ಲೆಕ್ಕವೂ ತಪ್ಪುತ್ತದೆ. ಐದು ಸಲ ನಿಂತಾಗ 6, 4, 2, 0, 0 ಬಂತು ಅಂತ ಇಟ್ಟುಕೊಳ್ಳಿ. ಸರಾಸರಿ 2.4. ಸೊನ್ನೆಗಳನ್ನು ಬಿಟ್ಟರೆ ಅದೇ 4 ಆಗುತ್ತದೆ. ಯಾರೂ ಸುಳ್ಳು ಹೇಳಿಲ್ಲ, ಯಾರೂ ಅಂಕಿ ತಿದ್ದಿಲ್ಲ, ಆದರೂ ಇಲ್ಲದ ಜೇನು ತೋಟಕ್ಕೆ ಬಂದುಬಿಟ್ಟಿತು.

ಮಕ್ಕಳು ಯಾಕೆ ಹೀಗೆ ಮಾಡುತ್ತಾರೆ ಎಂದು ತುಂಬ ಯೋಚಿಸಿದ್ದೇನೆ. ಪಿಯುಸಿಯಿಂದ ಅವರು ಮಾಡಿದ ಪ್ರಾಕ್ಟಿಕಲ್‌ಗಳಲ್ಲಿ ಉತ್ತರ ಮೊದಲೇ ಗೊತ್ತು. ಟೈಟ್ರೇಷನ್‌ನಲ್ಲಿ ಇಂಥ ರೀಡಿಂಗ್ ಬರಬೇಕು, ಸಾಲ್ಟ್ ಅನಾಲಿಸಿಸ್‌ನಲ್ಲಿ ಇಂಥ ಬಣ್ಣ ಬರಬೇಕು. ಬರದಿದ್ದರೆ ತಪ್ಪು ಅವರದು, ಅಂಕ ಹೋಯಿತು. ಹಾಗೆ ಬೆಳೆದ ಮಕ್ಕಳಿಗೆ ಸೊನ್ನೆ ಎಂದರೆ ತಾವೇ ಸೋತ ಹಾಗೆ ಕಾಣುತ್ತದೆ. ತೋಟದಲ್ಲಿ ಉತ್ತರ ಯಾರಿಗೂ ಮೊದಲೇ ಗೊತ್ತಿಲ್ಲ, ನನಗೂ ಇಲ್ಲ. ಇದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಅವರಿಗೆ ತಿಳಿಯುವ ದಾರಿಯೇ ಇಲ್ಲ.

ಇದಕ್ಕೆ ಉಲ್ಟಾ ಕೂಡ ಆಗುತ್ತದೆ. ಇನ್ನೊಬ್ಬ ವಿದ್ಯಾರ್ಥಿಗೆ ಸೊನ್ನೆ ಬರಬೇಕಾದಲ್ಲಿ ಬರಲಿಲ್ಲ. ರೋಬಸ್ಟಾ ರೆಂಬೆಗೆ ಬಟರ್ ಪೇಪರ್ ಚೀಲ ಕಟ್ಟಿದ್ದ. ಪುಸ್ತಕದ ಪ್ರಕಾರ ಕಾಯಿ ಕಟ್ಟಬಾರದು. ಕೆಲವು ಕಟ್ಟಿದ್ದವು. ಆ ಚೀಲಗಳನ್ನು ಪಟ್ಟಿಯಿಂದ ತೆಗೆದುಬಿಡೋಣ ಎಂದು ಬಂದ. ತೆಗೆಯುವ ಮೊದಲು ನಿನ್ನ ನೋಟ್‌ಬುಕ್ ತಾ ಎಂದೆ. ಅದರಲ್ಲಿ ಹುಡುಗ ಎಲ್ಲವನ್ನೂ ಬರೆದಿದ್ದ. ಕೆಲವು ಚೀಲ ಕಟ್ಟುವಾಗ ಆಗಲೇ ಒಂದೆರಡು ಹೂ ಅರಳಿದ್ದವು. ಒಂದೆರಡು ಚೀಲ ಗಾಳಿಮಳೆಗೆ ಹರಿದಿದ್ದವು. ಕಾಯಿ ಬಂದ ರೆಂಬೆಗಳನ್ನು ಆ ಪುಟಗಳ ಜೊತೆ ಇಟ್ಟು ನೋಡಿದರೆ ಹೆಚ್ಚಿನವು ಅವೇ. ಒಂದು ಮಾತ್ರ ಯಾವುದಕ್ಕೂ ಹೊಂದಲಿಲ್ಲ. ಅದನ್ನೂ ರಿಪೋರ್ಟಿನಲ್ಲಿ ಹಾಗೇ ಇಟ್ಟೆವು, ಕಾರಣ ತಿಳಿದಿಲ್ಲ ಎಂದೇ ಬರೆಸಿದೆ. ಆ ಸಾಲನ್ನು ಬರೆಯುವಾಗ ಅವನ ಕೈ ತಡೆಯಿತು. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಹೆಚ್ಚು ಹೊತ್ತು ಮಾತಾಡಿದ್ದು ಅದೇ ಸಾಲಿನ ಮೇಲೆ.

ನೋಟ್‌ಬುಕ್ ಬಗ್ಗೆ ಒಂದು ಮಾತು. ಮೊಬೈಲಿನಲ್ಲಿ ಬರೆದುಕೊಳ್ಳುತ್ತೇವೆ ಎನ್ನುವವರಿಗೆ ನಾನು ಬೇಡ ಎನ್ನುತ್ತೇನೆ. ಮಳೆಯಲ್ಲಿ ಪರದೆ ಒದ್ದೆಯಾಗುತ್ತದೆ, ಚಾರ್ಜ್ ಮುಗಿಯುತ್ತದೆ. ಪೆನ್ಸಿಲ್ ಬರಹ ನೀರಿಗೆ ಹರಡುವುದಿಲ್ಲ.

ದೇವರಕಾಡಿನಲ್ಲಿ, ಅಂದರೆ ದೇವರ ಹೆಸರಿನಲ್ಲಿ ಊರಿನವರು ಕಾಪಾಡಿಕೊಂಡು ಬಂದ ಕಾಡಿನಲ್ಲಿ, ಕೆಲಸ ಮಾಡುವ ಮಕ್ಕಳ ಅನುಭವ ಬೇರೆಯೇ. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ, ಸಂಶೋಧನೆಗೆ ಬೇಕಾದಷ್ಟು ವಿಷಯ ಅಲ್ಲಿದೆ. ಆದರೆ ಊರಿನವರ ಒಪ್ಪಿಗೆ ಬೇಕು. ಎಷ್ಟೋ ಕಡೆ ಒಂದು ಎಲೆ ಕೂಡ ಕೀಳುವಂತಿಲ್ಲ. ಹರ್ಬೇರಿಯಂ ಹಾಳೆ (ಗಿಡದ ಭಾಗವನ್ನು ಒಣಗಿಸಿ ಅಂಟಿಸಿದ ಹಾಳೆ) ಇಲ್ಲದೆ ಪ್ರಾಜೆಕ್ಟ್ ಹೇಗೆ ಎಂದು ಒಬ್ಬಳು ಬೇಸರ ಮಾಡಿಕೊಂಡಿದ್ದಳು. ಕೊನೆಗೆ ತೊಗಟೆ, ಎಲೆಯ ಜೋಡಣೆ, ಬಿದ್ದ ಹಣ್ಣು, ವಾಸನೆ ಎಲ್ಲವನ್ನೂ ನಿಂತ ಜಾಗದಲ್ಲೇ ನೋಡಿ ಬರೆದಳು. ಗುರುತು ಸಿಗದ ಮರಗಳಿಗೆ "ಗುರುತು ಸಿಕ್ಕಿಲ್ಲ" ಎಂದು ಬರೆದು ಜಾಗ ಗುರುತು ಮಾಡಿಟ್ಟಳು. ಹಾಗಾಗಿ ಅವಳ ನಂತರದವರು ಹೂ ಬಿಡುವ ಕಾಲಕ್ಕೆ ಅವೇ ಮರಗಳ ಹತ್ತಿರ ಹೋಗಿ ಕೆಲವನ್ನು ಪತ್ತೆ ಹಚ್ಚಿದರು.

ಈಗ ನಮ್ಮ ಹಾಳೆಯ ರೂಪ ಬದಲಾಗಿದೆ. ಪ್ರತಿ ಸಾಲಿನಲ್ಲೂ ನಿಂತ ಸಮಯ, ಬಿಟ್ಟ ಸಮಯ ಇರಬೇಕು. ಜೇನು ಬರದಿದ್ದರೆ 0. ನೋಡಲು ಆಗದಿದ್ದರೆ ಅಡ್ಡಗೆರೆ, ಪಕ್ಕದಲ್ಲಿ ಕಾರಣ: ಮಳೆ, ಆನೆ, ಪರೀಕ್ಷೆ, ಜ್ವರ, ಏನಿದ್ದರೂ ಸರಿ. ಖಾಲಿ ಬಿಟ್ಟ ಹಾಳೆಗೆ ನಾನು ಸಹಿ ಹಾಕುವುದಿಲ್ಲ.

ಈ ಅಭ್ಯಾಸ ನಮ್ಮ ಹಿರಿಯರಿಗೆ ಹೊಸದಲ್ಲ ಎಂದು ತೋರಿಸಿಕೊಟ್ಟದ್ದೂ ಒಬ್ಬ ವಿದ್ಯಾರ್ಥಿಯೇ. ಅವನ ಅಜ್ಜನ ಮಳೆ ಪುಸ್ತಕ ತಂದಿದ್ದ. ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ದಿನದಿನದ ಮಳೆ. ಮಳೆ ಇಲ್ಲದ ದಿನಕ್ಕೂ ತಪ್ಪದೆ ಸೊನ್ನೆ. ಹೂ ಮಳೆ ಯಾವ ವರ್ಷ ಬೇಗ ಬಂತು, ಯಾವ ವರ್ಷ ಕೈ ಕೊಟ್ಟಿತು ಎಂದು ಅದರಿಂದ ಧೈರ್ಯವಾಗಿ ಹೇಳಬಹುದು. ಇಂಥ ಪುಸ್ತಕಗಳು ಕೊಡಗಿನ ಎಷ್ಟೋ ಮನೆಗಳ ಬೀರುವಿನಲ್ಲಿವೆ. ನಿಮ್ಮ ಮನೆಯಲ್ಲೂ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಹತ್ತಿರದ ಕಾಲೇಜಿನ ಮಕ್ಕಳು ಕೇಳಿಕೊಂಡು ಬಂದರೆ ಪುಟಗಳ ಫೋಟೋ ತೆಗೆದುಕೊಳ್ಳಲು ಬಿಡಿ.