ಪುಟ್ಟ ಲೆನ್ಸು, ದೊಡ್ಡ ನೋಟ

ರೇಂಜ್‌ಫೈಂಡರ್ ಕ್ಯಾಮೆರಾಗೆ (ಲೆನ್ಸಿನ ಮೂಲಕವಲ್ಲ, ಬೇರೆ ಕಿಂಡಿಯಲ್ಲಿ ನೋಡಿ ದೂರ ಅಳೆದು ಫೋಕಸ್ ಮಾಡುವ ಕ್ಯಾಮೆರಾ) 15 ಎಂಎಂ ಲೆನ್ಸ್ ಹಾಕಿಕೊಂಡು ಒಂದು ವಾರ ಓಡಾಡಿದೆ. 1999ರಲ್ಲಿ ಬಂದ ಹಳೆಯ ಫೋಗ್ಟ್‌ಲೆಂಡರ್ ಹೆಲಿಯಾರ್, ಎಫ್ 4.5 (ಬೆಳಕು ಒಳಬರುವ ಕಿಂಡಿಯ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು). ಮುಷ್ಟಿಯಲ್ಲಿ ಮುಚ್ಚಿಟ್ಟುಕೊಳ್ಳಬಹುದು, ಅಷ್ಟು ಪುಟ್ಟದು. ನೋಟ ಮಾತ್ರ 110 ಡಿಗ್ರಿ!

ಈ ಮೊದಲ ಮಾದರಿಗೆ ರೇಂಜ್‌ಫೈಂಡರಿನ ನಂಟೇ ಇಲ್ಲ. ದೂರವನ್ನು ಕಣ್ಣಳತೆಯಲ್ಲೇ ಅಂದಾಜು ಮಾಡಬೇಕು. ಹೆದರಬೇಕಿಲ್ಲ. ಎಫ್ 8ಕ್ಕೆ ಇಟ್ಟು, ಫೋಕಸ್ ಒಂದು ಮೀಟರಿಗೆ ತಿರುಗಿಸಿದರೆ ಹೆಚ್ಚುಕಡಿಮೆ ಅರ್ಧ ಮೀಟರಿನಿಂದ ದೂರದ ಬೆಟ್ಟದವರೆಗೂ ಎಲ್ಲ ಸ್ಪಷ್ಟ. ಫೋಕಸ್ ಮಾಡುವ ಕೆಲಸವೇ ತಪ್ಪಿತು ಅಲ್ವಾ ಎಂದು ಖುಷಿಪಟ್ಟೆ.

ಕಷ್ಟ ಬೇರೆ ಕಡೆ ಇತ್ತು. ಮೇಲೆ ಸಿಕ್ಕಿಸುವ ಬೇರೆ ವ್ಯೂಫೈಂಡರಿನಲ್ಲಿ ನೋಡಬೇಕು. ಕ್ಯಾಮೆರಾ ಒಂಚೂರು ಮೇಲೆ ಕೆಳಗೆ ಆದರೂ ಕಂಬ, ಗೋಡೆ ಎಲ್ಲ ವಾಲುತ್ತವೆ. ಒಂದೇ ರೋಲಿನಲ್ಲಿ ನಾಲ್ಕು ಕಡೆ ನನ್ನ ಬೆರಳು, ಒಂದು ಕಡೆ ನನ್ನದೇ ಶೂ. ಮುಚ್ಚಳ ತೆಗೆಯದೆ ಹೊಡೆದ ಎರಡು ಫೋಟೋ ಲೆಕ್ಕಕ್ಕಿಲ್ಲ ಬಿಡಿ.

ಎಲ್ಲವೂ ಫ್ರೇಮಿಗೆ ಬರುತ್ತದೆ ಅಂದುಕೊಂಡಿದ್ದೆ. ಬರುವುದೇನೋ ಬರುತ್ತದೆ, ಇರುವೆ ಗಾತ್ರದಲ್ಲಿ. ಹತ್ತಿರ ಹೋಗಬೇಕು, ಎದುರಿನವರು ತಲೆಯೆತ್ತಿ ನೋಡುವಷ್ಟು ಹತ್ತಿರ. ನನಗೋ ಸಂಕೋಚ ಜಾಸ್ತಿ. ಇಷ್ಟು ವರ್ಷ ದೂರದಿಂದಲೇ ತೆಗೆಯುತ್ತಿದ್ದದ್ದು ಸುಮ್ನೆ ಅಭ್ಯಾಸವೋ, ಅಂಜಿಕೆಯೋ? ನಾಳೆ ಇನ್ನೊಂದು ರೋಲ್ ಹಾಕಿ ನೋಡುತ್ತೇನೆ.